ಮಲ್ಪೆಯ ಐಸ್ ಪ್ಲಾಂಟಿಗೆ ಬರುವ ವಿದ್ಯುತ್ ಯಾರ ಊರಿನ ಕಲ್ಲಿದ್ದಲಿನದು?

ಮಲ್ಪೆ_ಮಂಜುಗಡ್ಡೆ ಕೇಳಿದ್ದು:

ಮಲ್ಪೆಯಲ್ಲಿ ನಮ್ಮದೊಂದು ಐಸ್ ಪ್ಲಾಂಟ್ ಇದೆ. ಮಾವ ಶುರು ಮಾಡಿದ್ದು. ಅವರ ನಂತರ ಲೆಕ್ಕಪತ್ರ, ಕೆಲಸದವರು, ಬೋಟಿನವರ ಉದ್ರಿ ಎಲ್ಲವೂ ನನ್ನ ತಲೆಗೆ ಬಂದಿವೆ. ಐಸ್ ಮಾಡಲು ಬೇಕಾದದ್ದು ನೀರು ಮತ್ತು ವಿದ್ಯುತ್, ಮತ್ತೇನೂ ಇಲ್ಲ. ಅಮೋನಿಯಾ ಕಂಪ್ರೆಸರ್ ಹಗಲು ರಾತ್ರಿ ಓಡಬೇಕು. ಉಪ್ಪುನೀರಿನ ಟ್ಯಾಂಕು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿರಬೇಕು. ಅದರಲ್ಲಿ ಇಳಿಬಿಟ್ಟ ಕ್ಯಾನುಗಳೊಳಗಿನ ನೀರು ಗಟ್ಟಿಯಾಗಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ನಡುವೆ ವಿದ್ಯುತ್ ಕೈಕೊಟ್ಟರೆ ಗಡ್ಡೆಯ ಹೊಟ್ಟೆ ಟೊಳ್ಳಾಗಿ ಉಳಿಯುತ್ತದೆ. ಅಂಥದ್ದನ್ನು ಕ್ರಷರಿಗೆ ಹಾಕಿ ಕೊಟ್ಟರೆ ಬೋಟು ನಡೆಸುವ ತಾಂಡೇಲರು ನೋಡಿದ ತಕ್ಷಣ ಹಿಡಿಯುತ್ತಾರೆ, ಮರುದಿನ ಪಕ್ಕದ ಪ್ಲಾಂಟಿಗೆ ಹೋಗುತ್ತಾರೆ.

ಇಷ್ಟು ಪೀಠಿಕೆ ಏಕೆಂದರೆ, ವಿದ್ಯುತ್ ನನಗೆ ಐಷಾರಾಮದ ವಸ್ತುವಲ್ಲ ಎಂದು ಮೊದಲೇ ಹೇಳಿಬಿಡಬೇಕಿತ್ತು.

ಮಗಳು ಮಣಿಪಾಲದಲ್ಲಿ ಓದುತ್ತಿದ್ದಾಳೆ. ರಜೆಗೆ ಬಂದವಳು, ಮೆಸ್ಕಾಂ ಬಿಲ್ ಹಿಡಿದುಕೊಂಡು ನಾನು ಗೊಣಗುತ್ತಿದ್ದದ್ದನ್ನು ಕೇಳಿ, “ಅಮ್ಮ, ಇದರಲ್ಲಿ ಬರೆಯದ ಮೊತ್ತವೂ ಒಂದಿದೆ. ಅದನ್ನು ಕಟ್ಟುವವರು ಬೇರೆ” ಎಂದಳು. ಇಂಡೋನೇಷ್ಯಾದಲ್ಲಿ ಗಣಿ ಹೊಂಡಕ್ಕೆ ಬಿದ್ದು ಸತ್ತ ಮಕ್ಕಳು, ಜಾರ್ಖಂಡಿನಲ್ಲಿ ನೆಲದಡಿ ಉರಿಯುವ ಬೆಂಕಿ, ಹವಾಮಾನ ನ್ಯಾಯ, ಹೀಗೆ ಊಟ ಮುಗಿಯುವವರೆಗೂ ಹೇಳಿದಳು. ನಾನು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಪಡುಬಿದ್ರಿ ದಡಕ್ಕೆ ಟಗ್ ಮಗುಚಿ ಬಂದು ಬಿದ್ದದ್ದನ್ನು ಅವಳೂ ನೋಡಿದ್ದಾಳೆ. ಅರಬ್ಬೀ ಸಮುದ್ರ ಕಾಯುತ್ತಿದೆ, ಬೂತಾಯಿ ಮೀನು ಒಂದು ವರ್ಷ ರಾಶಿ ಬಿದ್ದರೆ ಇನ್ನೊಂದು ವರ್ಷ ಕಾಣೆ. ಮೀನಿಲ್ಲದಿದ್ದರೆ ಐಸ್ ಯಾರಿಗೆ? ಹೊಗೆ ಬಿಟ್ಟು ಶ್ರೀಮಂತರಾದವರು ಯಾರೋ, ಪೆಟ್ಟು ತಿನ್ನುವವರು ನಾವು. ಈಗ ಕಲ್ಲಿದ್ದಲಿನ ಪಾಪವನ್ನೂ ಮಲ್ಪೆಯ ಐಸ್ ಪ್ಲಾಂಟಿನ ಮೇಲೆ ಹೊರಿಸುವುದು ಯಾವ ನ್ಯಾಯ ಎಂದು ಕೇಳಿದೆ. ಅವಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅದು ಸೋತು ಎದ್ದದ್ದಲ್ಲ ಎಂದು ತಾಯಿಗೆ ಗೊತ್ತಾಗುತ್ತದೆ.

ತಿಳಿದವರು ಹೇಳಿ. ನಮ್ಮ ಕಡೆ ಉರಿಯುವ ಕಲ್ಲಿದ್ದಲು ನಿಜವಾಗಿ ಎಲ್ಲಿಂದ ಬರುತ್ತದೆ? ಗಣಿ ಊರಿನವರ ಕಷ್ಟವನ್ನೂ ಹವಾಮಾನದ ಅನ್ಯಾಯವನ್ನೂ ಒಂದೇ ಹಗ್ಗಕ್ಕೆ ಕಟ್ಟುವುದು ಸರಿಯೇ, ಅವು ಬೇರೆ ಬೇರೆ ವಿಷಯಗಳಲ್ಲವೇ? ದಯವಿಟ್ಟು ‘ಬಲ್ಬ್ ಆರಿಸಿ, ಗಿಡ ನೆಡಿ’ ಎಂಬ ಉಪದೇಶ ಬೇಡ. ಕಂಪ್ರೆಸರ್ ಆರಿಸಲು ನನ್ನಿಂದ ಆಗುವುದಿಲ್ಲ.

ಬೈಕಂಪಾಡಿ_ಲೇತ್ ಉತ್ತರ:

ಅಕ್ಕ, ಮಗಳಿಗೆ ಇಷ್ಟು ಹೇಳಿ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಅಮೆರಿಕದಲ್ಲಿ ಸುಮಾರು 14 ಟನ್. ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಆಕಾಶಕ್ಕೆ ಹೋದ ಒಟ್ಟು ಹೊಗೆಯಲ್ಲಿ ಅಮೆರಿಕದ ಪಾಲು ಹೆಚ್ಚುಕಡಿಮೆ ಕಾಲುಭಾಗ, ನಮ್ಮದು ಶೇಕಡಾ 4ರ ಆಸುಪಾಸು. 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಭೆಯಲ್ಲಿ ಶ್ರೀಮಂತ ದೇಶದವರು ಕುಳಿತು, 2020ರಿಂದ ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಕೊಡುತ್ತೇವೆ ಎಂದರು. ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಅದೂ ಅವರದೇ ಲೆಕ್ಕದಲ್ಲಿ, ಅದರಲ್ಲೂ ದೊಡ್ಡ ಪಾಲು ಸಾಲ. ಅದೇ 2022ರಲ್ಲಿ ರಷ್ಯಾದ ಅನಿಲ ನಿಂತಾಗ ಜರ್ಮನಿ ಏನು ಮಾಡಿತು? ಪಕ್ಕಕ್ಕಿಟ್ಟಿದ್ದ ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ಹೊತ್ತಿಸಿತು, ಕೊಲಂಬಿಯಾದ ಗಣಿಗಳ ಕಡೆ ಕೈಚಾಚಿತು.

ನಮ್ಮ ಶೆಡ್ಡಿನಲ್ಲಿ ಲೇತ್ ತಿರುಗಿದರೆ ಹುಡುಗರಿಗೆ ಸಂಬಳ. ಗಾಳಿ ಬೀಸಿದಾಗ ಮಾತ್ರ ತಿರುಗುವ ಲೇತ್ ನನಗೆ ಬೇಡ. ಮೊದಲು ಅವರು ನಿಲ್ಲಿಸಲಿ, ಆಮೇಲೆ ನಮ್ಮ ಮಾತು.

ಸುರತ್ಕಲ್_ನಾವಿಕ ಉತ್ತರ:

ಬೈಕಂಪಾಡಿಯವರ ಅಂಕಿಗಳಲ್ಲಿ ತಪ್ಪಿಲ್ಲ. ಆದರೆ ಅಕ್ಕ ಕೇಳಿದ್ದು ಗಣಿ ಊರಿನ ಬಗ್ಗೆ, ಇವರು ಹೇಳಿದ್ದು ವಾಷಿಂಗ್ಟನ್ನಿನ ಬಗ್ಗೆ.

ನಾನು ಬಲ್ಕ್ ಕ್ಯಾರಿಯರ್, ಅಂದರೆ ರಾಶಿ ಸರಕು ಹೊರುವ ಹಡಗುಗಳಲ್ಲಿ ಚೀಫ್ ಆಫೀಸರ್ ಆಗಿದ್ದವನು. ಸರಕು ತುಂಬಿಸುವ, ಇಳಿಸುವ ಹೊಣೆ ಆ ಹುದ್ದೆಯದು. ಕಲ್ಲಿದ್ದಲು ಸಾಕಷ್ಟು ಹೊತ್ತಿದ್ದೇನೆ, ಮಂಗಳೂರಿನ ಪಣಂಬೂರು ಬಂದರಿಗೂ ತಂದಿದ್ದೇನೆ. ಮೊದಲ ಪ್ರಶ್ನೆಗೆ ನೇರ ಉತ್ತರ: ತಂತಿಯಲ್ಲಿ ಬರುವ ವಿದ್ಯುತ್ತಿಗೆ ಊರಿನ ಹೆಸರಿರುವುದಿಲ್ಲ. ಶರಾವತಿ, ವಾರಾಹಿ, ಕೈಗಾ, ಪಾವಗಡ, ರಾಯಚೂರು ಎಲ್ಲವೂ ಒಂದೇ ಜಾಲ. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ರಾಯಚೂರು, ಬಳ್ಳಾರಿಯ ಸರ್ಕಾರಿ ಸ್ಥಾವರಗಳಿಗೆ ಅದು ತೆಲಂಗಾಣದ ಸಿಂಗರೇಣಿ, ಒಡಿಶಾ, ಮಹಾರಾಷ್ಟ್ರಗಳಿಂದ ರೈಲಿನಲ್ಲಿ ಬರುತ್ತದೆ. ನಮ್ಮ ಕರಾವಳಿಯಲ್ಲಿ ಎಲ್ಲೂರಿನ 1200 ಮೆಗಾವಾಟ್ ಸ್ಥಾವರವನ್ನು ಆಮದು ಕಲ್ಲಿದ್ದಲಿಗೆಂದೇ ಕಟ್ಟಿದ್ದು. ಆ ಕಲ್ಲಿದ್ದಲು ಪಣಂಬೂರಿನಲ್ಲಿ ಇಳಿದು ರೈಲು ಹತ್ತುತ್ತದೆ. ಪಣಂಬೂರಿನಲ್ಲಿ ಇಳಿದದ್ದರಲ್ಲಿ ಇನ್ನೊಂದು ಪಾಲು ಘಟ್ಟ ಹತ್ತಿ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ.

ಆಮದು ಎಂದರೆ ಬಹುಮಟ್ಟಿಗೆ ಇಂಡೋನೇಷ್ಯಾ. ಉಷ್ಣ ಸ್ಥಾವರದ ಕಲ್ಲಿದ್ದಲನ್ನು ಜಗತ್ತಿನಲ್ಲಿ ಅತಿ ಹೆಚ್ಚು ರಫ್ತು ಮಾಡುವ ದೇಶ ಅದು, ದೊಡ್ಡ ಗಿರಾಕಿಗಳಲ್ಲಿ ನಾವೂ ಒಬ್ಬರು. ಅಲ್ಲಿನ ಪೂರ್ವ ಕಲಿಮಂತನ್ ಪ್ರಾಂತದಲ್ಲಿ ಮಹಾಕಾಂ ನದಿ ಕಡಲು ಸೇರುವ ಕಡೆ ದೊಡ್ಡ ಹಡಗು ಒಳಹೋಗುವಷ್ಟು ಆಳವಿಲ್ಲ. ಹೊರಗೆ ಮುವಾರಾ ಬೆರಾವು ಎಂಬಲ್ಲಿ ಲಂಗರು ಹಾಕಿ ನಿಲ್ಲುತ್ತೇವೆ. ಟಗ್ಗುಗಳು ಸಮರಿಂಡಾ ಕಡೆಯಿಂದ ಬಾರ್ಜುಗಳನ್ನು ಎಳೆದು ತರುತ್ತವೆ, ಒಂದರ ಹಿಂದೆ ಒಂದು. ತೇಲುವ ಕ್ರೇನ್ ಗ್ರಾಬ್ ಇಳಿಸಿ, ಬಾಚಿ, ಹಡಗಿನ ಸರಕಿನ ಕೋಣೆಗೆ, ಅಂದರೆ ಹೋಲ್ಡಿಗೆ ಸುರಿಯುತ್ತದೆ. ಡೆಕ್ಕಿನ ಮೇಲೆ ನಡೆದರೆ ಹೆಜ್ಜೆ ಗುರುತು ಮೂಡುವಷ್ಟು ಪುಡಿ.

ಸುರಿಯುವ ಮೊದಲು ಬಾರ್ಜಿಗೆ ಇಳಿದು ರಾಶಿಯೊಳಗೆ ಉಷ್ಣಮಾಪಕ ಚುಚ್ಚಿ ನೋಡಬೇಕು. ಆ ಕಡೆಯ ಕಲ್ಲಿದ್ದಲಿನಲ್ಲಿ ತೇವ ಹೆಚ್ಚು, ಗಾಳಿ ತಾಗಿದರೆ ತಾನಾಗಿ ಕಾಯುತ್ತದೆ. 55 ಡಿಗ್ರಿ ದಾಟಿದ್ದನ್ನು ತುಂಬಿಸಬಾರದು, ಅಂತರರಾಷ್ಟ್ರೀಯ ನಿಯಮ. ಒಮ್ಮೆ ಒಂದು ಬಾರ್ಜಿನ ಮೂಲೆಯಲ್ಲಿ ಹಬೆ ಏಳುತ್ತಿತ್ತು. ಮಾಪಕ 60ರ ಹತ್ತಿರ ನಿಂತಿತು. ಬೇಡ ಎಂದೆ. ಕಳುಹಿಸಿದವರ ಕಡೆಯ ಸರ್ವೇಯರ್ ನಕ್ಕ, ಸಿಗರೇಟ್ ಪ್ಯಾಕ್ ಮುಂದೆ ಚಾಚಿದ. ನಾನು ಕಾಗದ ಮುಂದೆ ಚಾಚಿದೆ. ಬಾರ್ಜ್ ವಾಪಸ್ಸು ಹೋಯಿತು. ಹ್ಯಾಚ್ ಮುಚ್ಚಿದ ಮೇಲೂ ಬಿಡುವಿಲ್ಲ: ದಿನವೂ ಹೋಲ್ಡಿನ ಕಾರ್ಬನ್ ಮೊನಾಕ್ಸೈಡ್, ಮೀಥೇನ್, ಆಮ್ಲಜನಕ ಅಳೆದು ಬರೆದಿಡಬೇಕು.

ಕಲ್ಲಿದ್ದಲು ಹಡಗಿನೊಳಗೆ ಇರುವಷ್ಟು ದಿನ ಅದರ ಮೇಲೆ ಇಷ್ಟು ಕಣ್ಣು. ಹಡಗಿಗೆ ವಿಮೆ ಇದೆ, ಸರಕಿಗೆ ವಿಮೆ ಇದೆ, ಬಂದರಿನಲ್ಲಿ ತಪ್ಪು ಹಿಡಿಯುವ ಅಧಿಕಾರಿ ಇದ್ದಾನೆ. ಅದೇ ಕಲ್ಲಿದ್ದಲು ಹೊರಬಂದ ಹೊಂಡದ ಮೇಲೆ ಯಾರ ಕಣ್ಣಿದೆ? ಹಡಗು ಸೇರಲು ಬಾಲಿಕ್‌ಪಪನ್‌ನಿಂದ ಸಮರಿಂಡಾಕ್ಕೆ ಹೋಗುವಾಗ ಈ ಹೊಂಡಗಳು ಕಾಣುತ್ತವೆ. ನೀರು ಪಚ್ಚೆ ಬಣ್ಣ, ಕೆಲವೆಡೆ ನೀಲಿ. ಹೊಸ ನಾವಿಕ ಹುಡುಗರು ಸರೋವರ ಎಂದುಕೊಂಡು ಫೋಟೋ ತೆಗೆಯುತ್ತಾರೆ. ಕಲ್ಲಿದ್ದಲು ತೆಗೆದಾದ ಮೇಲೆ ಹೊಂಡ ಮುಚ್ಚಿ ನೆಲ ಸರಿಮಾಡಿ ಹೋಗಬೇಕೆಂದು ಅಲ್ಲಿನ ಕಾನೂನೂ ಹೇಳುತ್ತದೆ. ಕಂಪನಿ ಎದ್ದು ಹೋಗುತ್ತದೆ, ಹೊಂಡ ಉಳಿಯುತ್ತದೆ. ಬೇಲಿ ಇಲ್ಲ, ದಡ ಕಡಿದಾಗಿ ನೇರ ಇಳಿಯುತ್ತದೆ, ಜಾರಿದವರಿಗೆ ಕಾಲೂರಲು ಜಾಗವಿಲ್ಲ. ಗಣಿಗಾರಿಕೆಯ ವಿರುದ್ಧ ದುಡಿಯುವ ಜಾತಾಮ್ ಎಂಬ ಜಾಲ ಲೆಕ್ಕ ಇಟ್ಟಿದೆ: 2011ರಿಂದ ಈಚೆಗೆ ಆ ಒಂದು ಪ್ರಾಂತದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಮುಳುಗಿ ಸತ್ತಿದ್ದಾರೆ, ಹೆಚ್ಚಿನವರು ಮಕ್ಕಳು. ಸಮರಿಂಡಾ ಒಂದು ಪ್ರಾಂತದ ರಾಜಧಾನಿ. ಆ ನಗರದ ವಿಸ್ತೀರ್ಣದಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ಗಣಿ ಪರವಾನಗಿಗಳ ಅಡಿಯಲ್ಲಿತ್ತು. ಮಂಗಳೂರಿನ ಕದ್ರಿ, ಬಿಜೈ, ಕಂಕನಾಡಿ ಎಲ್ಲ ಗಣಿಗೆ ಬರೆದುಕೊಟ್ಟರೆ ಏನಾದೀತು, ಊಹಿಸಿಕೊಳ್ಳಿ. ಅಂದರೆ ಮಗಳು ಹೇಳಿದ್ದು ಸುಳ್ಳಲ್ಲ.

ದಕ್ಷಿಣ ಆಫ್ರಿಕದ ರಿಚರ್ಡ್ಸ್ ಬೇಯಿಂದಲೂ ನಾವು ಕಲ್ಲಿದ್ದಲು ಹೊತ್ತಿದ್ದೇವೆ. ಅಲ್ಲಿಗೆ ರೈಲು ಬರುವುದು ಎಂಪುಮಲಂಗಾ ಪ್ರಾಂತದಿಂದ. ಆ ಪ್ರದೇಶದ ಕೆಟ್ಟ ಗಾಳಿ ಸಂವಿಧಾನ ಕೊಟ್ಟ ಹಕ್ಕಿನ ಉಲ್ಲಂಘನೆ ಎಂದು 2022ರ ಮಾರ್ಚ್‌ನಲ್ಲಿ ಪ್ರಿಟೋರಿಯಾದ ಹೈಕೋರ್ಟ್ ತೀರ್ಪು ಕೊಟ್ಟಿತು. ಬಂದರಿನ ಉತ್ತರಕ್ಕೆ ಸೋಮ್‌ಖೆಲೆ ಎಂಬಲ್ಲಿ ಗಣಿ ವಿಸ್ತರಣೆಗೆ ಒಪ್ಪದ ಫಿಕಿಲೆ ಎನ್‌ಟ್ಷಂಗಾಸೆ ಎಂಬ ಅಜ್ಜಿಯನ್ನು 2020ರ ಅಕ್ಟೋಬರ್‌ನಲ್ಲಿ ಮನೆಯೊಳಗೇ ಗುಂಡಿಟ್ಟು ಕೊಂದರು. ಆಕೆ ಯಾವ ವಿದೇಶಿ ಸಂಸ್ಥೆಯ ವಕೀಲೆಯೂ ಅಲ್ಲ, ತನ್ನ ಮನೆ ಬಿಡುವುದಿಲ್ಲ ಎಂದವಳು.

ಇನ್ನು ಬೈಕಂಪಾಡಿಯವರ 2 ಟನ್. ಅದು ಸರಾಸರಿ. ಆ ಸರಾಸರಿ ಇಷ್ಟು ಕೆಳಗಿರುವುದು ನನ್ನಿಂದಲ್ಲ, ನಿಮ್ಮಿಂದಲೂ ಅಲ್ಲ. ನಮ್ಮ ಮನೆಯಲ್ಲಿ ಎರಡು ಎಸಿ ಇವೆ, ಮಗ ದುಬೈಯಿಂದ ವಿಮಾನದಲ್ಲಿ ಬಂದು ಹೋಗುತ್ತಾನೆ. ಕಲ್ಲಿದ್ದಲು ಅಗೆಯುವ ಸಿಂಗ್ರೌಲಿಯ, ಜಾರ್ಖಂಡಿನ ಝರಿಯಾದ, ಛತ್ತೀಸಗಢದ ಹಸದೇವ್ ಕಾಡಿನ ಜನ ಏನನ್ನೂ ಉರಿಸದೆ ಬದುಕುವುದರಿಂದ ಅದು ಕೆಳಗಿದೆ. ಇಡೀ ಮನೆಯವರ ಹೆಸರನ್ನು ರೇಷನ್ ಕಾರ್ಡಿನಲ್ಲಿ ತೋರಿಸಿ ಅಕ್ಕಿಯನ್ನೆಲ್ಲ ಒಬ್ಬನೇ ಹೊತ್ತುಕೊಂಡು ಹೋದ ಹಾಗಾಯಿತು ನಮ್ಮ ವಾದ. ಅಮೆರಿಕದ ಎದುರು ನಿಂತು ಅವರ ಬಡತನವನ್ನು ತೋರಿಸುತ್ತೇವೆ, ಊರಿಗೆ ಬಂದು ಅವರ ನೆಲ ಅಗೆಯುತ್ತೇವೆ. ಅಮೆರಿಕ ಕೊಡಬೇಕಾದದ್ದನ್ನು ಕೊಡಲೇಬೇಕು, ಆ ವಿಷಯದಲ್ಲಿ ನಾನು ನಿಮ್ಮ ಪಕ್ಷ. ಆದರೆ ಆ ಸಾಲ ವಸೂಲಾಗುವವರೆಗೆ ಗಣಿ ಊರಿನವನಿಗೆ ನಾವು ಕೊಡಬೇಕಾದದ್ದನ್ನು ತಡೆಹಿಡಿಯಲು ನಮಗೆ ಅಧಿಕಾರ ಕೊಟ್ಟವರು ಯಾರು?

ಹಾಗಾಗಿ ಅಕ್ಕ, ಎರಡೂ ಒಂದೇ ಹಗ್ಗ. ಅತಿ ಕಡಿಮೆ ಹೊಗೆ ಬಿಟ್ಟವನೇ ಮೊದಲು ಭೂಮಿ ಕಳೆದುಕೊಂಡ, ವಿದ್ಯುತ್ ಕಂಬ ಅವನ ಮನೆಗೆ ಕೊನೆಗೆ ಬಂತು, ಮಳೆ ತಪ್ಪಿದಾಗ ಅವನಿಗೇ ಮೊದಲು ಉಪವಾಸ. ಬೇರೆ ಬೇರೆ ಮಾಡಿ ನೋಡುವುದು ನಮಗೆ ಅನುಕೂಲ, ಅಷ್ಟೇ.

ಗಣಿ ಮುಚ್ಚಿಬಿಟ್ಟರೆ ಎಲ್ಲ ಸರಿ ಎನ್ನುವವರಿಗೂ ಒಂದು ಮಾತು. ಎಂಪುಮಲಂಗಾದ ಕೊಮಾಟಿ ಕಲ್ಲಿದ್ದಲು ಸ್ಥಾವರವನ್ನು 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ವಿಶ್ವಬ್ಯಾಂಕಿನ ದುಡ್ಡು, ಸೌರ ಫಲಕ, ತರಬೇತಿ ಎಲ್ಲವನ್ನೂ ಘೋಷಿಸಿದರು. ಗುತ್ತಿಗೆ ಕೆಲಸದವರು ಮೊದಲು ಮನೆಗೆ ಹೋದರು, ಊರಿನ ಅಂಗಡಿಗಳಿಗೆ ವ್ಯಾಪಾರ ತಪ್ಪಿತು. ಅಗೆಯುವಾಗ ಕೇಳಲಿಲ್ಲ, ನಿಲ್ಲಿಸುವಾಗಲೂ ಕೇಳಲಿಲ್ಲ.

ಪಾಸ್‌ಬುಕ್_ರಾಯರು ಉತ್ತರ:

ನಾವಿಕರ ಮಾತಿಗೆ ದೇಶದೊಳಗಿನ ಪುರವಣಿ ನನ್ನದು. ಉಡುಪಿಯವ, ಬ್ಯಾಂಕಿನಲ್ಲಿದ್ದೆ. ನಮ್ಮ ಜಿಲ್ಲೆಯ ಬ್ಯಾಂಕಿನವರನ್ನು ಎಲ್ಲೆಲ್ಲಿಗೆ ಎಸೆಯುತ್ತಾರೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ನನ್ನನ್ನು ಜಾರ್ಖಂಡಿನ ಧನಬಾದಿಗೆ ಎಸೆದರು.

ಝರಿಯಾ ಅಲ್ಲಿಂದ ಹತ್ತಿರ. ನೆಲದಡಿಯ ಬೆಂಕಿ ಮೊದಲು ದಾಖಲಾದದ್ದು 1916ರಲ್ಲಿ. ಇಂದಿಗೂ ಆರಿಲ್ಲ. ಖಾಸಗಿ ಮಾಲೀಕರು ಬೇಕಾಬಿಟ್ಟಿ ಅಗೆದು ಬಿಟ್ಟುಹೋದ ಸುರಂಗಗಳಲ್ಲಿ ಹತ್ತಿಕೊಂಡದ್ದು. 1970ರ ದಶಕದ ಆರಂಭದಲ್ಲಿ ರಾಷ್ಟ್ರೀಕರಣವಾಯಿತು. ಆಮೇಲೆ ಮೇಲಿನಿಂದ ತೆರೆದು ಅಗೆಯುವುದು ಹೆಚ್ಚಿತು, ಬೆಂಕಿಗೆ ಇನ್ನಷ್ಟು ಗಾಳಿ ಸಿಕ್ಕಿತು. ಕೆಲವು ಕೇರಿಗಳಲ್ಲಿ ಮನೆಯ ನೆಲ ಬರಿಗಾಲಿಗೆ ಬಿಸಿ ತಾಗುತ್ತದೆ, ಗೋಡೆಯ ಬಿರುಕಿನಿಂದ ಗಂಧಕದ ವಾಸನೆಯ ಹೊಗೆ. ನಮ್ಮ ಶಾಖೆಗೆ ಬರುತ್ತಿದ್ದ ಒಬ್ಬ ಹೆಂಗಸು ಪ್ರತಿ ಸಲ ಕೌಂಟರಿನ ಎದುರು ಚಪ್ಪಲಿ ಕಳಚಿ, ತಂಪು ಮೊಸಾಯಿಕ್ ನೆಲದ ಮೇಲೆ ಪಾದ ಒತ್ತಿ ನಿಲ್ಲುತ್ತಿದ್ದರು. ಸರದಿ ಮುಗಿದರೂ ಹೊರಡಲು ಅವಸರವಿರಲಿಲ್ಲ. ನಾನು ಅದನ್ನು ಮೊದಮೊದಲು ಭಕ್ತಿ ಎಂದುಕೊಂಡಿದ್ದೆ, ಪ್ಯೂನ್ ಕಾರಣ ಹೇಳಿದ.

ಇವರನ್ನೆಲ್ಲ ಬೇರೆಡೆಗೆ ಸಾಗಿಸಲು 2009ರಲ್ಲಿ ಝರಿಯಾ ಮಾಸ್ಟರ್ ಪ್ಲಾನ್ ಮಂಜೂರಾಯಿತು. ಬೆಲ್ಗಡಿಯಾ ಎಂಬಲ್ಲಿ ಸಣ್ಣ ಸಣ್ಣ ಕ್ವಾರ್ಟರ್ಸ್ ಕಟ್ಟಿದರು. ಹೋದವರು ಎಷ್ಟೋ ಜನ ಹಗಲು ಮತ್ತೆ ಝರಿಯಾಕ್ಕೇ ಬರುತ್ತಿದ್ದರು, ಕೂಲಿ ಇರುವುದು ಅಲ್ಲಿಯೇ ಅಲ್ಲವೇ. ಬೆಳಗಿನ ಜಾವ ಧನಬಾದಿನ ರಸ್ತೆಯಲ್ಲಿ ಸೈಕಲ್ ತಳ್ಳುವವರ ಸಾಲು ಕಾಣುತ್ತದೆ. ಸವಾರಿ ಮಾಡುವುದಲ್ಲ, ತಳ್ಳುವುದು. ಎರಡೂ ಬದಿಗೆ ಮತ್ತು ಕ್ಯಾರಿಯರಿಗೆ ಆಯ್ದ ಕಲ್ಲಿದ್ದಲಿನ ಮೂಟೆ, ಇನ್ನೂರು ಕಿಲೋ ದಾಟಿದ್ದೂ ಇರುತ್ತದೆ. ಏರು ಬಂದಾಗ ಇಬ್ಬರು ಸೇರಿ ಒಂದೊಂದೇ ಸೈಕಲನ್ನು ದಾಟಿಸುತ್ತಾರೆ. ಕಾನೂನಿನ ಕಣ್ಣಿಗೆ ಅವರು ಕಳ್ಳರು. 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ ಪರಿಷ್ಕೃತ ಮಾಸ್ಟರ್ ಪ್ಲಾನ್‌ಗೆ 5,940 ಕೋಟಿ ರೂಪಾಯಿ ಒಪ್ಪಿತು. ಈ ಸಲ ಜೀವನೋಪಾಯಕ್ಕೆಂದು ಪ್ರತ್ಯೇಕ ಹಣ ಇಟ್ಟಿದ್ದಾರೆ. ಬಂದರೆ ಒಳ್ಳೆಯದು.

ನನ್ನ ಕೆಲಸ ಪಾಸ್‌ಬುಕ್ಕಿನದು, ಆದ್ದರಿಂದ ದುಡ್ಡಿನ ಮಾತನ್ನೇ ಹೇಳುತ್ತೇನೆ. ಕಲ್ಲಿದ್ದಲಿಗೆ ಭೂಮಿ ಹಿಡಿಯಲು 1957ರ ಕಾಯಿದೆಯೇ ಪ್ರತ್ಯೇಕ ಇದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮುಗಿಯಿತು. ಎರಡು ಎಕರೆಗೆ ಒಂದು ನೌಕರಿ ಎಂಬುದು ಕೋಲ್ ಇಂಡಿಯಾದ ರೂಢಿ. ಎರಡು ಎಕರೆ ಇಲ್ಲದವನಿಗೆ? ಹತ್ತು ಸೆಂಟ್ಸ್‌ನ ನಾಲ್ಕು ಪಾಲುದಾರರಿಗೆ? ಪಹಣಿಯಲ್ಲಿ ಹೆಸರೇ ಇಲ್ಲದೆ ಮೂರು ತಲೆಮಾರು ಉತ್ತವನಿಗೆ? ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಭೂಮಿ ಮುಳುಗಿದವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುವುದನ್ನು ಕಂಡ ನಮಗೆ ಇದು ಹೊಸದೇನಲ್ಲ. ಪರಿಹಾರದ ಮೊತ್ತ ಖಾತೆಗೆ ಬಿದ್ದ ವಾರ ಶಾಖೆಯ ಹೊರಗೆ ಬೈಕ್ ಮಾರುವವರ ಶಾಮಿಯಾನ ಏಳುತ್ತಿತ್ತು. ಕೆಲವೇ ತಿಂಗಳಲ್ಲಿ ಅದೇ ಪಾಸ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಕನಿಷ್ಠ ಬ್ಯಾಲೆನ್ಸ್.

ರಾಜ್ಯಗಳು ಒಂದಕ್ಕೊಂದು ಹೀಗೆಯೇ ಮಾಡುತ್ತವೆ, ಇದನ್ನು ಮಗಳಿಗೆ ಹೇಳಿ. ಹಸದೇವ್ ಅರಣ್ಯದ ಕಲ್ಲಿದ್ದಲು ರಾಜಸ್ಥಾನದ ವಿದ್ಯುತ್ತಿಗೆ. ಆ ಕಾಡಿನ ಜನ 2021ರ ಅಕ್ಟೋಬರ್‌ನಲ್ಲಿ 300 ಕಿಲೋಮೀಟರ್ ನಡೆದು ರಾಯಪುರಕ್ಕೆ ಬಂದರು. ನಮ್ಮ ಕರ್ನಾಟಕ ಸರ್ಕಾರದ ವಿದ್ಯುತ್ ನಿಗಮಕ್ಕೂ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಬಾರಾಂಜ್ ಗಣಿ ಇದೆ. ಅಲ್ಲಿನವರು ಪುನರ್ವಸತಿಗಾಗಿ ಹೋರಾಡಿದ್ದನ್ನು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಮಂದಿ ಓದಿದ್ದಾರೆ? ಇಂಡೋನೇಷ್ಯಾ ದೂರ ಎನ್ನುತ್ತೇವೆ, ಚಂದ್ರಾಪುರ ಏನು ಹತ್ತಿರವಾಗಿದೆಯೇ?

ಬೈಕಂಪಾಡಿಯವರೇ, ಶ್ರೀಮಂತ ದೇಶಗಳ 100 ಬಿಲಿಯನ್ ಕೇಳುವ ಮೊದಲು ನಮ್ಮದೇ ಒಂದು ನಿಧಿಯ ಕಥೆ ಕೇಳಿ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, ಶುದ್ಧ ಇಂಧನಕ್ಕೆಂದು. 2016ರ ಹೊತ್ತಿಗೆ ಅದು 400 ರೂಪಾಯಿ. 2017ರಲ್ಲಿ ಜಿಎಸ್‌ಟಿ ಬಂತು, ಸೆಸ್ಸು ರಾಜ್ಯಗಳ ಜಿಎಸ್‌ಟಿ ನಷ್ಟ ತುಂಬುವ ನಿಧಿಗೆ ಹೊರಟುಹೋಯಿತು. ಟನ್ನಿಗೆ 400 ಎಂದರೆ ಎಂಥ ಮೊತ್ತ ಎಂಬುದನ್ನು ನೀವೇ ಗುಣಿಸಿ, ದೇಶದ ಕಲ್ಲಿದ್ದಲು ಉತ್ಪಾದನೆ 2024-25ರಲ್ಲಿ 100 ಕೋಟಿ ಟನ್ ದಾಟಿದೆ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬುದೂ ಇದೆ. ಹಳೆಯ ಗಣಿಗಳ ರಾಜಧನದ ಶೇಕಡಾ 30ರಷ್ಟು, ಹರಾಜಿನ ಗಣಿಗಳದ್ದು ಶೇಕಡಾ 10ರಷ್ಟು ಅದಕ್ಕೆ ಸೇರಬೇಕು, ಗಣಿ ಬಾಧಿತರಿಗೇ ಖರ್ಚಾಗಬೇಕು. ಬಾಧಿತರ ಹೆಸರಿನಲ್ಲಿ ಇದಕ್ಕಿಂತ ಒಳ್ಳೆಯ ಕಾನೂನು ನಾನು ನೋಡಿಲ್ಲ. ಖರ್ಚು ಮಾಡುವ ಸಮಿತಿಯ ಮೇಜಿನ ಸುತ್ತ ಕುಳಿತವರಲ್ಲಿ ಬಾಧಿತರು ಎಷ್ಟು ಎಂದು ಮಾತ್ರ ಕೇಳಬಾರದು.

ಬೈಕಂಪಾಡಿ_ಲೇತ್:

ರಾಯರೇ, ಸೆಸ್ಸಿನ ವಿಷಯದಲ್ಲಿ ನಿಮ್ಮೊಂದಿಗೆ ಜಗಳವಿಲ್ಲ, ಕಟ್ಟಿದವರಲ್ಲಿ ನಾನೂ ಒಬ್ಬ. ಆದರೆ ಸೌರಶಕ್ತಿ ಎಂದು ಹಾಡಿಹೊಗಳುವವರು ಪಾವಗಡಕ್ಕೂ ಹೋಗಿ ಬರಲಿ. ಅಲ್ಲಿಯೂ ಸುಮಾರು 13,000 ಎಕರೆ ಹೋಗಿದೆ.

ಪಾಸ್‌ಬುಕ್_ರಾಯರು:

ಹೋಗಿದೆ ಎನ್ನುವುದು ಪೂರ್ತಿ ಸರಿಯಲ್ಲ. ಪಾವಗಡದಲ್ಲಿ ಭೂಮಿಯನ್ನು ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಪಹಣಿ ರೈತನ ಹೆಸರಿನಲ್ಲೇ ಇದೆ. ಝರಿಯಾದವನಿಗೆ ಈ ಭಾಗ್ಯವಿಲ್ಲ. ಆದರೆ ಭೂಮಿ ಇಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವನಿಗೆ ಪಾವಗಡದಲ್ಲಿಯೂ ಏನೂ ಸಿಗಲಿಲ್ಲ, ಕುರಿ ಮೇಯಿಸುತ್ತಿದ್ದವನಿಗೂ ಅಷ್ಟೇ. ನಿಮ್ಮ ಮಾತಿನ ಆ ಅರ್ಧ ಒಪ್ಪಿದೆ.

ಮಲ್ಪೆ_ಮಂಜುಗಡ್ಡೆ:

ಎಲ್ಲರಿಗೂ ಧನ್ಯವಾದ. ನಾವಿಕಣ್ಣನ ಉತ್ತರವನ್ನು ಮಗಳಿಗೆ ಓದಲು ಕೊಟ್ಟೆ. ಗೆದ್ದವರ ಮುಖ ಮಾಡಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ರೇಷನ್ ಕಾರ್ಡಿನ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ತೌಕ್ತೆಯ ನಷ್ಟಕ್ಕೆ ಹೊರಗಿನವರು ಕೊಡಬೇಕು. ನಷ್ಟ ಮತ್ತು ಹಾನಿ ನಿಧಿ ಎಂದು 2022ರಲ್ಲಿ ಈಜಿಪ್ಟಿನ ಹವಾಮಾನ ಶೃಂಗಸಭೆಯಲ್ಲಿ ಒಪ್ಪಿ, 2023ರಲ್ಲಿ ದುಬೈಯಲ್ಲಿ ಶುರು ಮಾಡಿದರಂತೆ. ಮಲ್ಪೆಯ ನಾಡದೋಣಿಯವರ ಬಲೆಗೆ ಅದರಿಂದ ಒಂದು ನೂಲೂ ಬಂದಿಲ್ಲ. ಮಗಳು ಇದಕ್ಕೆ, “ಸಮರಿಂಡಾದವರಿಗೂ ಬಂದಿಲ್ಲ, ಇಬ್ಬರೂ ಒಟ್ಟಿಗೆ ಕೇಳಿ” ಎಂದಳು. ಅದು ಒಪ್ಪುವ ಮಾತು.

ಇನ್ನು ನಮ್ಮ ಪ್ಲಾಂಟು. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಕಲ್ಲಿದ್ದಲಿನಿಂದ ಬರುವ ಒಂದು ಯೂನಿಟ್ಟಿಗೆ, ದೇಶೀ ಕಲ್ಲಿದ್ದಲಾದರೆ, ಆರೇಳು ನೂರು ಗ್ರಾಂ ಉರಿಯುತ್ತದೆ ಎಂದು ಅವಳು ತೋರಿಸಿದಳು. ನಮ್ಮ ಬಿಲ್ಲಿನ ಯೂನಿಟ್ಟುಗಳನ್ನು ಅದರಿಂದ ಗುಣಿಸಿದಾಗ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಛಾವಣಿಗೆ ಸೌರ ಫಲಕ ಹಾಕಿಸಬೇಕೆಂದು ಅವಳ ಹಟ. ನನ್ನ ತಕರಾರು ಮಳೆಗಾಲ. ಆಗ ಅವಳು ಹೇಳಿದ್ದನ್ನು ನಾನು ಇಷ್ಟು ವರ್ಷ ಈ ಉದ್ಯಮದಲ್ಲಿದ್ದೂ ಯೋಚಿಸಿರಲಿಲ್ಲ: ಬಿಸಿಲು ಅತಿ ಕಡಿಮೆ ಇರುವ ಜೂನ್, ಜುಲೈಯಲ್ಲಿಯೇ ಟ್ರಾಲಿಂಗ್ ನಿಷೇಧ, ಬೋಟುಗಳೆಲ್ಲ ದಕ್ಕೆಯಲ್ಲಿ, ನಮಗೂ ಐಸಿನ ಬೇಡಿಕೆ ಇಲ್ಲ. ಬಿಸಿಲು ಜೋರಾಗಿರುವ ತಿಂಗಳುಗಳಲ್ಲಿಯೇ ನಮಗೆ ಕೆಲಸ ಜೋರು. ಹಗಲು ಕಂಪ್ರೆಸರನ್ನು ಪೂರ್ತಿ ಓಡಿಸಿ ಉಪ್ಪುನೀರನ್ನು ಇನ್ನೂ ಎರಡು ಡಿಗ್ರಿ ಕೆಳಗೆ ಇಳಿಸಿಟ್ಟರೆ ರಾತ್ರಿ ಅಷ್ಟು ಕಡಿಮೆ ಓಡಿಸಬಹುದು. ಟ್ಯಾಂಕಿನ ಥರ್ಮೋಕೋಲ್ ಹೊದಿಕೆ ಹಳೆಯದಾಗಿದೆ, ಮೊದಲು ಅದನ್ನು ಬದಲಿಸಬೇಕು. ರಾತ್ರಿಯ ವಿದ್ಯುತ್ ಇದರಿಂದ ಪೂರ್ತಿ ತಪ್ಪುವುದಿಲ್ಲ. ಅರ್ಧವಾದರೂ ಇಳಿದೀತೋ ನೋಡಬೇಕು.

ಕಡಲಿನಿಂದ ನಮಗೆ ಕೂಗಳತೆ ದೂರ. ಛಾವಣಿಯ ತಗಡು ಉಪ್ಪುಗಾಳಿಗೆ ನಾಲ್ಕು ವರ್ಷವೂ ಬಾಳುವುದಿಲ್ಲ. ಫಲಕದ ಕೆಳಗಿನ ಚೌಕಟ್ಟಿಗೆ ಏನು ಹಾಕಿಸಬೇಕು, ಯಾರಿಗಾದರೂ ಅನುಭವ ಇದೆಯೇ?

ಬೈಕಂಪಾಡಿ_ಲೇತ್:

ಇದು ನನ್ನ ಕ್ಷೇತ್ರ. ಬಣ್ಣ ಬಳಿದ ಸಾದಾ ಕಬ್ಬಿಣ ಬೇಡವೇ ಬೇಡ, ಎರಡನೇ ಮಳೆಗಾಲಕ್ಕೆ ಬೆಸುಗೆ ಹಾಕಿದ ಕಡೆಯಿಂದ ತಿನ್ನಲು ಶುರುವಾಗುತ್ತದೆ. ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿ, ಬೋಲ್ಟು ಸ್ಟೇನ್‌ಲೆಸ್, ಅವೂ 316 ದರ್ಜೆಯವು. 304 ಎಂದು ಅಂಗಡಿಯವ ಕೊಟ್ಟರೆ ತೆಗೆದುಕೊಳ್ಳಬೇಡಿ. ಎರಡು ಲೋಹ ತಾಗುವಲ್ಲಿ ನೈಲಾನ್ ವಾಷರ್ ಇರಲಿ. ತಗಡು ಬಾಳುವುದಿಲ್ಲ ಎನ್ನುತ್ತಿದ್ದೀರಿ, ಹಾಗಾದರೆ ತಗಡು ಹೊರುವ ಅಡ್ಡಪಟ್ಟಿಗಳು, ಅಂದರೆ ಪರ್ಲಿನ್‌ಗಳು ಭಾರ ತಡೆಯುತ್ತವೆಯೇ ಎಂದು ಮೊದಲು ನೋಡಬೇಕು. ಭಾನುವಾರ ಮಲ್ಪೆಗೆ ಬರುವವನಿದ್ದೇನೆ, ಏಣಿ ಇಟ್ಟಿರಿ. ಮಗಳೂ ಇರಲಿ, ಜರ್ಮನಿಯ ವಿಷಯ ಇನ್ನೂ ಮುಗಿದಿಲ್ಲ.